ರಕ್ತ ತೊಳೆದ ಮೇಲಿನ ತೀರ್ಪು

"ಗುರುಗಳೇ, ನಿನ್ನೆ ಡಯಾಲಿಸಿಸ್ ಮುಗಿಸಿಕೊಂಡು ಬಂದಾಗಲೇ ಈ ಕಾಗದಕ್ಕೆ ಸಹಿ ಹಾಕಬಹುದಿತ್ತಲ್ಲ? ರಕ್ತವೆಲ್ಲ ಶುದ್ಧವಾಗಿತ್ತು. ನಾಳೆ ಬೆಳಿಗ್ಗೆ ಬಾ ಅಂದದ್ದು ಯಾಕೆ?"

ಕೇಳಿದವನು ಗುರುಪಾದ, ಮಠದ ಹಿರಿಯ ಶಿಷ್ಯ. ಸೋಮವಾರ, ಗುರುವಾರ ಗುರುಗಳನ್ನು ಆಸ್ಪತ್ರೆಗೆ ಕರೆದೊಯ್ದು, ಕೈಹಿಡಿದು ವಾಪಸು ಕರೆತರುವವನೂ ಅವನೇ. ಕಾಗದದಲ್ಲಿ ಇದ್ದದ್ದು ಇಷ್ಟು: ಉಗ್ರಾಣದ ಬೆಳ್ಳಿ ಬಟ್ಟಲು ಕದ್ದ ಚೆನ್ನಮಲ್ಲನನ್ನು ಮಠದಿಂದ ಹೊರಗೆ ಹಾಕತಕ್ಕದ್ದು. ಚೆನ್ನಮಲ್ಲನಿಗೆ ಮಠ ಬಿಟ್ಟರೆ ಬೇರೆ ಮನೆಯಿರಲಿಲ್ಲ.

ಗುರುಗಳು ನಕ್ಕರು. "ರಕ್ತ ಶುದ್ಧವಾಯಿತು, ಸರಿ. ತಲೆ? ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದೂರಿನಲ್ಲಿ ಒಬ್ಬ ಪಂಚನಿದ್ದ. ಊರಿನ ಜಗಳವೆಲ್ಲ ಅವನ ಜಗಲಿಗೇ ಬರುತ್ತಿತ್ತು. ತಲೆಮೇಲೆ ನೀರು ಹುಯ್ದುಕೊಂಡು ಮಡಿಯುಟ್ಟಲ್ಲದೆ ಅವನು ನ್ಯಾಯಕ್ಕೆ ಕೂರುತ್ತಿರಲಿಲ್ಲ. ಅವನ ಅಪ್ಪನೂ ಹಾಗೇ, ಅಜ್ಜನೂ ಹಾಗೇ. ಮುಂದೆ ಅವನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಪೇಟೆಗೆ ಹೋಗಿ, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಬರಬೇಕಾಯಿತು. ಆಗ ಅವನಿಗೊಂದು ಯೋಚನೆ ಬಂತು. ನೀರಿನ ಸ್ನಾನ ಬರೀ ಚರ್ಮಕ್ಕೆ, ಇದು ರಕ್ತಕ್ಕೇ ಸ್ನಾನ, ಇದಕ್ಕಿಂತ ಮಡಿ ಇನ್ನೇನಿದೆ! ಅಂದಿನಿಂದ ಆಸ್ಪತ್ರೆಯಿಂದ ಬಂದವನೇ ನೇರ ನ್ಯಾಯಕ್ಕೆ ಕೂರತೊಡಗಿದ. ಊರವರು ಭಲೇ ಅಂದರು. ಊರವರಿಗೇನು, ಯಾವುದಕ್ಕೂ ಭಲೇ ಅನ್ನುತ್ತಾರೆ.

ಆಸ್ಪತ್ರೆಯ ನರ್ಸಮ್ಮ ಮಾತ್ರ ಹೇಳಿದಳು: "ಯಜಮಾನರೇ, ಮೂರು ದಿನ ಮೈಯಲ್ಲಿ ನಿಂತ ನೀರನ್ನು ನಾಲ್ಕೇ ತಾಸಿನಲ್ಲಿ ಎಳೆಯುತ್ತೇವೆ. ಆಗ ಕೆಲವರಿಗೆ ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಮಂಕು ಕವಿಯುತ್ತದೆ, ನೆನಪು ತಪ್ಪುತ್ತದೆ. ಮನೆಗೆ ಹೋಗಿ ಮಲಗಿಬಿಡಿ." ಪಂಚ ಆಗಲಮ್ಮ ಅಂದ. ಮಲಗಲಿಲ್ಲ.

ಒಂದು ಬೆಳಿಗ್ಗೆ ಅವನು ಬಸ್ಸಿಗೆ ಹೊರಟಿದ್ದಾಗ ಒಬ್ಬ ವಿಧವೆ ಬಂದಳು. ಸೆರಗಿನ ಗಂಟು ಬಿಚ್ಚಿ ನಾಲ್ಕು ಬಂಗಾರದ ಬಳೆ ಕೊಟ್ಟಳು. "ಅಣ್ಣಾ, ನನ್ನ ತಾಯಿ ಕೊಟ್ಟದ್ದು. ಮೈದುನನ ಕಣ್ಣು ಇದರ ಮೇಲೆ ಬಿದ್ದಿದೆ. ಮಗಳ ಮದುವೆಯವರೆಗೆ ನಿನ್ನ ಹತ್ತಿರ ಇರಲಿ." ಪಂಚ ಬಳೆಗಳನ್ನು ಟ್ರಂಕಿನ ತಳದಲ್ಲಿಟ್ಟು ಬಸ್ಸು ಹತ್ತಿದ.

ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತ. ಮೈದುನ ಊರನ್ನೆಲ್ಲ ಸೇರಿಸಿಕೊಂಡು ಕಾಯುತ್ತಿದ್ದ. ಮನೆಯ ಬಳೆಗಳನ್ನು ಅತ್ತಿಗೆ ಕದ್ದು ಮಾರಿದ್ದಾಳೆ ಅಂತ ಅವನ ದೂರು. ಆ ಹೆಂಗಸು ಹೆದರಲಿಲ್ಲ. ನಗುತ್ತಲೇ ಅಂದಳು: "ಅಣ್ಣಾ, ನೀನೇ ಹೇಳಿಬಿಡು. ಬೆಳಿಗ್ಗೆ ನಿನ್ನ ಕೈಗೇ ಕೊಟ್ಟೆನಲ್ಲ."

ಪಂಚ ಅವಳ ಮುಖ ನೋಡಿದ. ನೆನಪನ್ನು ತಡಕಾಡಿದ. ಏನೂ ಸಿಗಲಿಲ್ಲ. ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ನೋಡು, ಕಷ್ಟ ಬಂದದ್ದೇ ಅಲ್ಲಿ.

"ನನಗೆ ನೀನು ಏನೂ ಕೊಟ್ಟಿಲ್ಲವಲ್ಲಮ್ಮ" ಅಂದ.

ಅವಳು ಖಾಲಿ ಸೆರಗಿನ ತುದಿ ಹಿಡಿದು ತೋರಿಸಿದಳು. ಪಂಚನ ತಲೆಗೇ ಕಟ್ಟುತ್ತಾಳಲ್ಲ, ಎಂಥಾ ಹೆಂಗಸಪ್ಪಾ ಅಂತ ಊರು ಉಗಿಯಿತು. ಅವಳು ಮಗಳ ಕೈ ಹಿಡಿದುಕೊಂಡು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಪಂಚನ ತಲೆ ತಿಳಿಯಾಗಿತ್ತು. ಸ್ನಾನ ಮಾಡಿ, ಮಡಿಬಟ್ಟೆಗೆಂದು ಟ್ರಂಕಿಗೆ ಕೈ ಹಾಕಿದ. ಬೆರಳಿಗೆ ಬಳೆ ತಗಲಿತು. ಅಯ್ಯೋ! ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ. ಸೆರಗಿನ ಗಂಟು, ಅಣ್ಣಾ ಅಂದದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಒದ್ದೆ ಮೈಯಲ್ಲೇ ಬೀದಿಗುಂಟ ಓಡಿದ. ಅವಳ ಮನೆಗೆ ಬೀಗ. ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಹೋದಳಂತೆ. ಎಲ್ಲಿಗೆ ಅಂತ ಯಾರೂ ಕೇಳಿರಲಿಲ್ಲ. ಕಳ್ಳಿಯನ್ನು ಯಾರು ಕೇಳುತ್ತಾರೆ? ಪಂಚ ಊರೂರು ಹುಡುಕಿದ. ಬಳೆಗಳು ಇವತ್ತಿಗೂ ಅವನ ಟ್ರಂಕಿನಲ್ಲೇ ಇವೆ.

ಗುರುಗಳು ಮಾತು ನಿಲ್ಲಿಸಿದರು.

"ಛೆ, ಹಾಳು ಯಂತ್ರ!" ಅಂದ ಗುರುಪಾದ.

"ಯಂತ್ರಕ್ಕೆ ಯಾಕಯ್ಯಾ ಬೈಯುತ್ತೀಯ? ಅದಿಲ್ಲದಿದ್ದರೆ ಆ ಪಂಚ ಎಂದೋ ಹೋಗಿಬಿಡುತ್ತಿದ್ದ, ನಾನೂ ಅಷ್ಟೇ. ಮಲಗಬೇಕಾದ ಹೊತ್ತಿನಲ್ಲಿ ತೀರ್ಪು ಕೊಡಲು ಕೂತನಲ್ಲ, ಅವನಿಗೆ ಬೈ. ಈ ಸೋಮವಾರ ಆಸ್ಪತ್ರೆಯಿಂದ ಬರುವಾಗ ನಿನ್ನನ್ನೇ 'ಯಾರಪ್ಪಾ ನೀನು' ಅಂತ ಕೇಳಿದೆನಂತೆ. ಆಮೇಲೆ ನೀನೇ ತಾನೇ ಹೇಳಿದ್ದು?"

"ಹೌದು ಗುರುಗಳೇ."

ಗುರುಗಳು ಕಾಗದವನ್ನು ಬಿಡಿಸಿ, ಮೇಲೆ ಬರೆದಿದ್ದ ತಾರೀಕಿನ ಮೇಲೆ ಬೆರಳಿಟ್ಟರು.

"ಇದನ್ನು ನೀನು ಬರೆದದ್ದು ಮಂಗಳವಾರ. ಬುಧವಾರವೆಲ್ಲ ನಾನು ಇಲ್ಲೇ ಕೂತಿದ್ದೆನಲ್ಲ ಮಗು, ನಿನ್ನೆ ಗುರುವಾರ ಮಧ್ಯಾಹ್ನ ನಾನು ಆಸ್ಪತ್ರೆಯಿಂದ ಬರುವವರೆಗೆ ಯಾಕೆ ಕಾದೆ?"