ಅಜ್ಜಿಯನ್ನು ಒಪ್ಪಿಸಿದ ಹುಡುಗಿ

ಮೈಸೂರಿನ ದೀಪಶ್ರೀಗೆ ಪತ್ರಿಕೋದ್ಯಮ ಓದುವ ಆಸೆ. ಆ ಸೀಟು ಸಿಗಬೇಕಾದರೆ ಮೇಲ್ಮಟ್ಟದ ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಲೇಬೇಕಿತ್ತು. ಕೊಟ್ಟ ವಿಷಯದ ಮೇಲೆ, ಓದುವವರು ಒಪ್ಪುವಂತೆ ವಾದಿಸಿ ಪ್ರಬಂಧ ಬರೆಯಬೇಕು.

ನಮ್ಮ ಹುಡುಗಿ ಸೋಮಾರಿಯಲ್ಲ. ಗೈಡು ತಂದು ಪ್ರಬಂಧಗಳನ್ನು ಬಾಯಿಪಾಠ ಮಾಡಿದಳು. ವಿಷಯ ಮೊಬೈಲಾಗಲಿ, ಕಸವಾಗಲಿ, 'ಮನುಕುಲ ಹುಟ್ಟಿದಂದಿನಿಂದಲೂ' ಎಂಬ ಇಂಗ್ಲಿಷ್ ಸಾಲಿನಿಂದಲೇ ಶುರು. ಆಮೇಲೆ ನಾಲಿಗೆ ಹೊರಳದಂಥ ಪದಗಳು. ಅವಳ ಟೀಚರ್ ವಾರಿಜಾ ಮೇಡಂ ಪ್ರತಿ ಸಲವೂ ಕಡಿಮೆ ಅಂಕ ಹಾಕಿ, "ಇದರಲ್ಲಿ ನೀನೆಲ್ಲಿದ್ದೀಯಮ್ಮ?" ಎನ್ನುತ್ತಿದ್ದರು. ಪಾಪ, ದೀಪಶ್ರೀ ಅತ್ತುಕೊಂಡು ಇನ್ನೊಂದು ಪ್ರಬಂಧ ಉರು ಹೊಡೆಯುತ್ತಿದ್ದಳು.

ಒಂದು ಸಂಜೆ ದೀಪಶ್ರೀಯ ಮನೆಯ ಬೀದಿಯಲ್ಲಿ ಹೋಗುತ್ತಿದ್ದ ಮೇಡಂ ಅವಳನ್ನು ಕಂಡುಹೋಗೋಣವೆಂದು ಬಂದರು. ಒಳಗೆ ಜೋರು ಜಗಳ! ಅಜ್ಜಿ ಗೌರಮ್ಮನವರಿಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ ಬೇಡವೇ ಬೇಡ ಎಂದು ಅವರ ಹಟ.

"ನಿಂಗೆ ಭಯ ಅಂತ ಗೊತ್ತಜ್ಜಿ, ನಂಗೂ ಭಯಾನೇ," ಎನ್ನುತ್ತಿದ್ದಳು ದೀಪಶ್ರೀ. "ಆದ್ರೆ ಎದುರುಮನೆ ಸಾಕಮ್ಮನೋರು ಆಪರೇಷನ್ ಮಾಡಿಸ್ಕೊಂಡು ಈಗ ಸೂಜಿಗೆ ದಾರ ಪೋಣಿಸ್ತಾರೆ. ನೀನು ನೋಡಿದ್ರೆ ನಿನ್ನೆ ಉಪ್ಪು ಅಂತ ಸಾರಿಗೆ ಸಕ್ಕರೆ ಹಾಕ್ದೆ. ವಯಸ್ಸಾಯ್ತು, ಇನ್ಯಾಕೆ ಅಂತೀಯಲ್ಲ, ನನ್ನ ಮುಖ ನೋಡೋದು ಬೇಡ್ವಾ ನಿಂಗೆ?"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಾಯಿ ನೋಡು ಇದರದ್ದು! ಆಯ್ತು ಕಣೆ, ಕರ್ಕೊಂಡು ಹೋಗು."

ಬಾಗಿಲಲ್ಲಿ ನಿಂತಿದ್ದ ಮೇಡಂ ಜೋರಾಗಿ ನಕ್ಕರು. "ಇಷ್ಟು ಚೆನ್ನಾಗಿ ವಾದ ಮಾಡೋಳು ಬರೆಯೋವಾಗ ಯಾಕೆ ಗೈಡಿನ ಹಿಂದೆ ಬಚ್ಚಿಟ್ಕೋತೀಯ? ಅಜ್ಜಿಗೆ ಹೇಳಿದ ಹಾಗೇ ಬರಿ."

ಪರೀಕ್ಷೆಯಲ್ಲಿ ಬಂದ ವಿಷಯ: ರಸ್ತೆ ಅಗಲ ಮಾಡಲು ಹಳೆಯ ಮರಗಳನ್ನು ಕಡಿಯಬಹುದೇ? ಅಭ್ಯಾಸಬಲ ನೋಡಿ, ಕೈ ಆ ಗೈಡಿನ ಸಾಲನ್ನೇ ಬರೆದುಬಿಟ್ಟಿತು. ದೀಪಶ್ರೀ ಅದನ್ನು ಹೊಡೆದುಹಾಕಿದಳು. ಮರ ಕಡಿಯಲೇಬೇಕು ಎಂದು ಅಜ್ಜಿಯೇ ತನ್ನೆದುರಿಗೆ ಹಟ ಹಿಡಿದು ಕೂತಿದ್ದಾರೆ ಎಂದು ಊಹಿಸಿಕೊಂಡಳು. ಅವರ ಮಾತಿನಲ್ಲೂ ನ್ಯಾಯವಿದೆ ಎಂದು ಒಪ್ಪಿ, ತಾನು ಕಣ್ಣಾರೆ ಕಂಡದ್ದನ್ನು ಹೇಳಿ, ತನಗೆ ಬರುವ ಸರಳ ಇಂಗ್ಲಿಷಿನಲ್ಲೇ ವಾದಿಸಿದಳು. ಪಾಸಾದಳು, ಸೀಟೂ ಸಿಕ್ಕಿತು.

ಸುದ್ದಿ ಕೇಳಿದ ಅಜ್ಜಿಗೆ ಹಿಗ್ಗೋ ಹಿಗ್ಗು. "ಅಷ್ಟುದ್ದ ಇಂಗ್ಲಿಷಲ್ಲಿ ಯಾರ ಹತ್ರ ಮಾತಾಡಿದ್ಯೇ?"

"ನಿನ್ನ ಹತ್ರಾನೇ ಅಜ್ಜಿ," ಎಂದು ದೀಪಶ್ರೀ ಅವರನ್ನು ತಬ್ಬಿಕೊಂಡಳು.

ನೀತಿ: ಎರವಲು ತಂದ ಮಾತು ಎಷ್ಟೇ ದೊಡ್ಡದಾದರೂ ಯಾರ ಮನಸ್ಸನ್ನೂ ಒಪ್ಪಿಸಲಾರದು. ಬರೆಯುವಾಗ ಎದುರಿಗೆ ಪ್ರೀತಿಯ ಜೀವವೊಂದು ಕೂತಿದೆ ಎಂದುಕೊಂಡು, ನಿಮ್ಮದೇ ಮಾತಿನಲ್ಲಿ ಹೇಳಿ ಮಕ್ಕಳೇ.