ಬಂಗಾರದ ಹುಳಕ್ಕೆ ಹೆಸರು ಬಂದದ್ದು

ಲೋಕ ಆಗಷ್ಟೇ ಹೊಸದಾಗಿತ್ತು. ಗಂಜಿ ಹಾಕಿದ ಸೀರೆಯ ಹಾಗೆ ಎಲೆಗಳೆಲ್ಲ ಗರಿಗರಿಯಾಗಿದ್ದವು. ಯಾವ ಕಡೆ ಹರಿಯಬೇಕೆಂದು ನದಿಗೆ ಇನ್ನೂ ಗೊತ್ತಿರಲಿಲ್ಲ. ದಿನಕ್ಕೊಂದು ದಾರಿ ಹಿಡಿದು ನೋಡುತ್ತಿತ್ತು.

ಆಗ ಯಾರಿಗೂ ಹೆಸರಿರಲಿಲ್ಲ. ಇಲ್ಲವೆಂದು ಯಾರಿಗೂ ತೊಂದರೆಯೂ ಇರಲಿಲ್ಲ. "ಏ, ಇಲ್ಲಿ ಬಾ" ಅಂದರೆ ಬರಬೇಕಾದವರು ಬರುತ್ತಿದ್ದರು.

ಒಂದು ದಿನ ಮುಳ್ಳುಹಂದಿರಾಯರು ಅತ್ತಿಮರದ ಬುಡದಲ್ಲಿ ತಾಳೆಗರಿಯ ಕಟ್ಟು ಬಿಚ್ಚಿಕೊಂಡು ಕೂತರು. ಬೆನ್ನಿನಿಂದ ಒಂದು ಮುಳ್ಳು ಕಿತ್ತು, ಎಲ್ಲರ ಹೆಸರು ಬರೆಯುತ್ತೇನೆ ಅಂದರು. ಅವರನ್ನು ಆ ಕೆಲಸಕ್ಕೆ ನೇಮಿಸಿದ್ದು ಯಾರು ಎಂದು ನೀನು ಕೇಳಬಹುದು. ಆಗ ಯಾರೂ ಕೇಳಲಿಲ್ಲ. ಮೈತುಂಬ ಮುಳ್ಳಿದ್ದವರನ್ನು ಅಂಥ ಪ್ರಶ್ನೆ ಕೇಳುವುದು ಕಷ್ಟ.

ಗಾಳಿ ಕಾಡೆಲ್ಲ ಸುತ್ತಿ ಡಂಗುರ ಹೊಡೆಯಿತು. "ಎಲ್ಲರೂ ಬಂದು ಹೆಸರು ಬರೆಸಿಕೊಳ್ಳಬೇಕಂತೆ! ಹೆಸರಿದ್ದವರಿಗೆ ಎಲೆ. ಹೆಸರಿಲ್ಲದವರಿಗೆ ಎಲೆಯಿಲ್ಲ!"

ಗೆಣಸಿನ ಬಳ್ಳಿಯ ಮೇಲೆ ಇಬ್ಬರು ಅಕ್ಕತಂಗಿಯರಿದ್ದರು. ಕಡಲೆಬೇಳೆಯಷ್ಟು ದೊಡ್ಡ ಹುಳಗಳು. ಬೆನ್ನು ಬಂಗಾರ. ಬೆನ್ನಿನ ಅಂಚು ಮಾತ್ರ ಗಾಜಿನ ಹಾಗೆ, ಕೆಳಗಿನ ಎಲೆಯ ನರ ಕಾಣುವಷ್ಟು ತಿಳಿ. ಇವಳು ಅವಳನ್ನು ಅಕ್ಕ ಎನ್ನುತ್ತಿದ್ದಳು, ಅವಳು ಇವಳನ್ನು ತಂಗಿ ಎನ್ನುತ್ತಿದ್ದಳು. ಅಷ್ಟು ಸಾಕಾಗಿತ್ತು.

ತಂಗಿ ಆಗಷ್ಟೇ ಎಲೆಯಡಿಯಲ್ಲಿ ಮೊಟ್ಟೆಯಿಟ್ಟಿದ್ದಳು. ಅಷ್ಟರಲ್ಲಿ ಗುಲಗಂಜಿ ಹುಳ ಬಂತು, ಕೆಂಪು ಬೆನ್ನು, ಕಪ್ಪು ಚುಕ್ಕಿ.

"ನಂದು ಬರೆಸಿ ಆಯ್ತು. ಈ ಬಳ್ಳಿ ನಂಗೆ ಬೇಕು. ನಿಮ್ಮ ಹೆಸರೇನು?"

"ನಮಗಿಲ್ಲ."

"ಹಾಗಾದರೆ ನಿಮ್ಮ ಮೊಟ್ಟೆ ಎತ್ತಿಕೊಂಡು ಹೊರಡಿ."

"ಎತ್ತೋದು ಹೇಗಮ್ಮ? ಅಂಟಿಸಿಬಿಟ್ಟಿದ್ದೀನಿ," ಅಂದಳು ತಂಗಿ.

"ಅಂಟಿಸೋ ಮೊದಲು ಯೋಚಿಸಬೇಕಿತ್ತು," ಅಂದಿತು ಗುಲಗಂಜಿ ಹುಳ.

ಅಕ್ಕತಂಗಿಯರು ಅತ್ತಿಮರಕ್ಕೆ ಹೊರಟರು. ಅಲ್ಲಿ ಉದ್ದ ಸಾಲು. ಎಲ್ಲರ ಹಿಂದೆ ಬಂದ ಆನೆ ಎಲ್ಲರ ಮುಂದೆ ಹೋಗಿ ನಿಂತಿತು. ರಾಯರು ಎದ್ದು ನಿಂತು 'ಆನೆ' ಎಂದು ಬರೆದರು. ಮುಗಿಯಿತು.

ಅಕ್ಕತಂಗಿಯರ ಸರದಿ ಬಂದಾಗ ರಾಯರು ತಲೆ ಎತ್ತಲಿಲ್ಲ. "ಗುಲಗಂಜಿ ಹುಳದ ಕಡೆಯವರು ತಾನೆ? ಬರೆದಾಯ್ತು, ಹೋಗಿ. ನಿಮ್ಮ ಚುಕ್ಕಿ ಅಳಿಸಿಹೋಗಿದೆ, ಅಷ್ಟೆ."

"ಅಲ್ಲ ರಾಯರೇ," ಅಂದಳು ತಂಗಿ. ಅವಳು ಸ್ವಲ್ಪ ಮಾತುಗಾರ್ತಿ. "ನಮ್ಮ ಅಂಚು ನೋಡಿ, ಗಾಜು. ಮೀಸೆಯ ಗಂಟು ಎಣಿಸಿ, ಹನ್ನೊಂದು. ತಲೆ ಎಲ್ಲಿದೆ ಹೇಳಿ ನೋಡೋಣ? ಬೆನ್ನಿನ ಕೆಳಗೇ ಇಟ್ಕೊಂಡಿರ್ತೀವಿ."

ರಾಯರು ಮೂಗಿನ ತುದಿಗೆ ತಂದು ನೋಡಿದರು. ತಿರುಗಿಸಿ ನೋಡಿದರು. ಗಂಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ತೊಡೆ ತಟ್ಟಿಕೊಂಡರು.

"ಹೌದಲ್ಲ! ಹೊಸದು! ನಾನು ಕಂಡುಹಿಡಿದೆ!"

"ನಾವು ಮೊದಲಿಂದ ಇಲ್ಲೇ ಇದ್ದೆವಲ್ಲ," ಅಂದಳು ಅಕ್ಕ. ರಾಯರಿಗೆ ಕೇಳಿಸಲಿಲ್ಲ.

"ಆದರೆ ಒಂದು ಮಾದರಿ ಇಲ್ಲಿರಬೇಕಮ್ಮ. ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸೋದಕ್ಕೆ. ನಿಮ್ಮಿಬ್ಬರಲ್ಲಿ ಒಬ್ಬರು ಇರಿ."

ಆನೆಯ ಹತ್ತಿರ ಅವರು ಮಾದರಿ ಕೇಳಿರಲಿಲ್ಲ.

"ಎಷ್ಟು ಹೊತ್ತು ಇರಬೇಕು?" ಅಂದಳು ತಂಗಿ.

"ಬರೆದು ಮುಗಿಯೋವರೆಗೆ."

"ನಾನಿರ್ತೀನಿ," ಅಂದಳು ಅಕ್ಕ. "ನಿಂಗೆ ಮೊಟ್ಟೆ ಕಾಯೋದಿದೆ, ನೀನು ಹೋಗೇ. ಸುಮ್ಮನೆ ಕೂತಿರೋದು ತಾನೆ, ನಂಗೇನು ಕಷ್ಟ? ಬೆಳಗ್ಗೆ ಬಂದು ಕರ್ಕೊಂಡು ಹೋಗು. ಬರುವಾಗ ಒಂದು ಎಳೆ ಎಲೆ ತಾ."

ತಂಗಿ ಹೋದಳು. ರಾಯರು ಬೆನ್ನಿನಿಂದ ಇನ್ನೊಂದು ಮುಳ್ಳು ಕಿತ್ತರು. ಈ ಸಲ ಬರೆಯುವುದಕ್ಕಲ್ಲ.

ನೋಡಿದ್ದು ಗಾಳಿಯೊಂದೇ.

ಆಮೇಲೆ ರಾಯರು ಹೊಟ್ಟೆ ತುಂಬ ಅತ್ತಿಹಣ್ಣು ತಿಂದರು. ತಿಂದಮೇಲೆ ನಿದ್ದೆ ಬಂತು. ಎದ್ದು ಬರೆಯಲು ಕೂತಾಗ ಸಂಜೆ. ಅಷ್ಟು ಹೊತ್ತಿಗೆ ಮುಳ್ಳಿನ ತುದಿಯಲ್ಲಿದ್ದ ಬಂಗಾರ ಆರಿಹೋಗಿತ್ತು. ರಾಯರು ಸುಳ್ಳು ಬರೆಯುವವರಲ್ಲ. ಕಂಡದ್ದನ್ನು ಕಂಡ ಹಾಗೇ ಬರೆದರು.

ಬೆಳಗ್ಗೆ ತಂಗಿ ಎಳೆ ಎಲೆಯ ಚೂರೊಂದನ್ನು ಕಚ್ಚಿಕೊಂಡು ಬಂದಳು. "ನಮ್ಮ ಅಕ್ಕ ಎಲ್ಲಿ, ರಾಯರೇ?"

"ಯಾವ ಅಕ್ಕ?"

"ನಿನ್ನೆ ಬಂದಿದ್ದೆವಲ್ಲ, ಹನ್ನೊಂದು ಗಂಟು..."

"ಓ, ಅದಾ!" ರಾಯರು ಗರಿ ತೆಗೆದು ರಾಗವಾಗಿ ಓದಿದರು. "ಬಣ್ಣ ಕಂದು, ಹುಣಸೆ ಸಿಪ್ಪೆಯಂತೆ. ಕಾಲು ಮಡಚಿಕೊಂಡಿರುತ್ತದೆ. ಅಲುಗುವುದಿಲ್ಲ. ಮಾತಾಡುವುದಿಲ್ಲ. ಹೆಸರಿಗೆ ನಮ್ಮ ಮಾವನವರ ಹೆಸರನ್ನೇ ಇಟ್ಟಿದ್ದೀನಿ. ಅವರಿಗೂ ಹೀಗೇ, ಮಾತು ಕಡಿಮೆ."

ಆಗ ಅವರು ತಲೆ ಎತ್ತಿ ತಂಗಿಯನ್ನು ನೋಡಿದರು. ಹುಬ್ಬು ಗಂಟಿಕ್ಕಿತು.

"ನೀನು ಬಂಗಾರದ ಬಣ್ಣ. ಇದರಲ್ಲಿ ಕಂದು ಅಂತಿದೆ. ನೀನು ಇದಲ್ಲ ಬಿಡು. ಬೇರೆ ಬರೆಸಬೇಕು ಅಂದರೆ ಇನ್ನೊಂದು ಮಾದರಿ ತಾ."

ರಾಯರ ಹಿಂದೆ ನೆಲದಲ್ಲಿ ಸಾಲಾಗಿ ಮುಳ್ಳು ನೆಟ್ಟಿದ್ದವು. ಕೊನೆಯ ಮುಳ್ಳಿನ ತುದಿಯಲ್ಲಿ ಕಂದು ಬಣ್ಣದ್ದೇನೋ ಇತ್ತು. ಕಡಲೆಬೇಳೆಯಷ್ಟು. ಅಂಚು ಗಾಜಿನ ಹಾಗೆ.

ತಂಗಿ ಬಹಳ ಹೊತ್ತು ನೋಡಿದಳು. ಆಮೇಲೆ ಗಾಳಿಯನ್ನು ಕೇಳಿದಳು. "ನೀನು ನೋಡಿದೆಯಾ?"

"ನೋಡಿದೆ," ಅಂದಿತು ಗಾಳಿ. "ನನ್ನ ಕೆಲಸ ಡಂಗುರ ಹೊಡೆಯೋದು ತಾಯೀ. ಇದನ್ನು ಸಾರು ಅಂತ ಯಾರೂ ಹೇಳಲಿಲ್ಲ."

ಕೂಗಬಹುದಿತ್ತು. ಅಳಬಹುದಿತ್ತು. ಆದರೆ ಬಳ್ಳಿಯ ಹತ್ತಿರ ಗುಲಗಂಜಿ ಹುಳ ಕಾಯುತ್ತಿತ್ತು. ಇನ್ನೊಂದು ಮಾದರಿ ಅಂದರೆ, ತಂಗಿಯ ಹತ್ತಿರ ಇದ್ದದ್ದು ಎಲೆಗೆ ಅಂಟಿಸಿದ ಆ ಮೊಟ್ಟೆಗಳು ಮಾತ್ರ. ಹೆಸರಿಲ್ಲದವರಿಗೆ ಎಲೆಯಿಲ್ಲ.

ತಂಗಿ ಎಲೆಯ ಚೂರನ್ನು ಮುಳ್ಳಿನ ಬುಡದಲ್ಲಿಟ್ಟಳು. ದೀಪದ ಬತ್ತಿ ಇಳಿಸಿದ ಹಾಗೆ ಬೆನ್ನಿನ ಬಂಗಾರವನ್ನು ಒಳಗೆಳೆದುಕೊಂಡಳು. ಕಾಲು ಮಡಚಿದಳು. ಅಲುಗಲಿಲ್ಲ. ಮಾತಾಡಲಿಲ್ಲ.

ರಾಯರು ಗರಿ ನೋಡಿದರು, ಅವಳನ್ನು ನೋಡಿದರು, ಮತ್ತೆ ಗರಿ ನೋಡಿದರು.

"ಹಾಂ! ಈಗ ಸರಿಹೋಯ್ತು ನೋಡು. ಮೊದಲೇ ಹೀಗೆ ಬರೋದಕ್ಕೆ ಏನಾಗಿತ್ತು ನಿಂಗೆ?" ಎಂದು ಗೆಣಸಿನ ಬಳ್ಳಿಯನ್ನು ಅವಳ ಪಾಲಿಗೆ ಬರೆದುಕೊಟ್ಟರು.

ಮೊಟ್ಟೆ ಒಡೆಯಿತು. ಮಕ್ಕಳು ಬೆಳೆದು ಬೆನ್ನಿಗೆ ಬಂಗಾರ ಬಂದ ದಿನ, ತಂಗಿ ಅವಕ್ಕೆ ಅದನ್ನು ಆರಿಸುವುದು ಹೇಗೆಂದು ಕಲಿಸಿದಳು. ರಾಯರು ಇಟ್ಟ ಹೆಸರನ್ನು ಮಾತ್ರ ಹೇಳಿಕೊಡಲಿಲ್ಲ.

"ದೊಡ್ಡಮ್ಮನ ಹೆಸರೇನಿತ್ತಮ್ಮ?" ಎಂದು ಮಕ್ಕಳು ಕೇಳಿದವು.

"ಅಕ್ಕ," ಅಂದಳು ತಂಗಿ.

ಅದಕ್ಕೇ ಮರೀ, ಗೆಣಸಿನ ಬಳ್ಳಿಯ ಮೇಲೆ ಹೊಳೆಯುವ ಹುಳ ನಿನ್ನ ಬೆರಳು ತಾಗಿದೊಡನೆ ಮಂಕಾಗಿ, ಕಾಲು ಮಡಚಿ, ತೊಪ್ಪನೆ ಬಿದ್ದುಬಿಡುತ್ತದೆ. ಸತ್ತಿತೆಂದು ಅಳಬೇಡ. ಗರಿಯಲ್ಲಿ ಬರೆದಿರುವ ಹಾಗೆ ಇದೆ, ಅಷ್ಟೆ. ಕೈ ಹಿಂದೆ ತೆಗೆದುಕೊಂಡು ದೂರ ನಿಲ್ಲು. ನೀನು ಬರೆದುಕೊಳ್ಳಲು ಬಂದವಳಲ್ಲ ಎಂದು ಅದಕ್ಕೆ ಖಾತ್ರಿಯಾದರೆ ಬಂಗಾರ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಮರೆತೆಯೋ, ಆಮೇಲೆ ಎಷ್ಟು ಕಾದರೂ ಬರುವುದಿಲ್ಲ. ಆಗ ಅದು ರಾಯರು ಬರೆದದ್ದಕ್ಕೆ ಅಕ್ಷರಕ್ಷರವೂ ಸರಿಹೊಂದುತ್ತದೆ.