ಸಭೆಗೆ ಬಂದ ಕುದುರೆ

“ಗುರುಗಳೇ, ‘ತವಾರಿಶ್’ ಅನ್ನುವ ಮಾತಿಗೆ ಏನು ಅರ್ಥ ಬರೆಯಲಿ?” ಎಂದು ಶಿಷ್ಯ ಕೇಳಿದ. ಅವನು ರಷ್ಯದ ಭಾಷೆ ಕಲಿತು, ಅಲ್ಲಿನ ರಾಜಕೀಯದ ಮಾತುಗಳಿಗೆ ಕನ್ನಡದಲ್ಲಿ ಪದಕೋಶ ಕಟ್ಟುತ್ತಿದ್ದ. “ಪಕ್ಷದವರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಿದ್ದರು, ಸಂಗಾತಿ ಅಂತ. ಹಳ್ಳಿಯ ಜನ ಅದನ್ನೇ ಕುದುರೆಗೂ ಅಂದರಂತೆ. ಇದರಲ್ಲಿ ಅಸಲು ಯಾವುದು, ಬರೀ ಉಪಮೆ ಯಾವುದು?”

“ಕೂತುಕೋ ಮಗೂ, ಹಾಳೆ ಆಚೆಗಿಡು,” ಎಂದು ಗುರುಗಳು ಕತೆ ಹೇಳಿದರು.

ರಷ್ಯದ ಒಂದು ಹಳ್ಳಿಯಲ್ಲಿ ಒಬ್ಬ ರೈತ ಮುದುಕಿ ಇದ್ದಳು. ಅವಳಿಗೊಂದು ಮುದಿ ಕುದುರೆ. ಊರಿನ ಹೊಲಗಳನ್ನೆಲ್ಲ ಒಟ್ಟುಮಾಡಿ ಎಲ್ಲರೂ ಕೂಡಿ ಉಳುತ್ತಿದ್ದ ಕಾಲ ಅದು. ಕುದುರೆಗಳೂ ಒಂದೇ ಲಾಯಕ್ಕೆ ಸೇರಿದ್ದವು. ಒಂದು ದಿನ ಊರಿನ ಅಧ್ಯಕ್ಷ ಪಟ್ಟಿ ಓದಿದ. ಕೈಲಾಗದ ಕುದುರೆಗಳನ್ನು ಚರ್ಮದ ಕಾರ್ಖಾನೆಗೆ ಕಳಿಸಬೇಕು. ಪಟ್ಟಿಯಲ್ಲಿ ಮುದುಕಿಯ ಕುದುರೆಯೂ ಇತ್ತು.

ಮುದುಕಿ ಅಳಲಿಲ್ಲ. ಆ ಊರಿನ ಸಭೆಗೆ ಒಂದು ಕಟ್ಟಳೆ ಇತ್ತು. ಯಾವ ತವಾರಿಶನನ್ನೇ ಆಗಲಿ ಹೊರಗೆ ಹಾಕಬೇಕಾದರೆ, ಅವನನ್ನು ಎಲ್ಲರ ಮುಂದೆ ನಿಲ್ಲಿಸಬೇಕು, ಅವನ ಪರವಾಗಿ ಒಬ್ಬರ ಮಾತು ಕೇಳಬೇಕು, ಆಮೇಲೆ ಕೈ ಎತ್ತಿಸಬೇಕು. ಮರುದಿನ ಸಭೆ ಕೂಡಿತು. ಮುದುಕಿ ಲಾಯಕ್ಕೆ ಹೋಗಿ, ಕುದುರೆಯ ಹಣೆಗೂದಲು ಬಾಚಿ, ನೇರ ಸಭೆಯ ಮನೆಯೊಳಗೇ ಕರೆದುಕೊಂಡು ಬಂದಳು.

“ಏನಜ್ಜಿ, ಇದಕ್ಕೂ ಒಂದು ಕುರ್ಚಿ ಹಾಕಿಸಲೇ?” ಎಂದು ಹಿಂದಿನಿಂದ ಒಬ್ಬ ನಕ್ಕ.

“ಬೇಡಪ್ಪ, ನಿನ್ನ ಹಾಗೆ ಕೂತು ತೂಕಡಿಸುವ ಅಭ್ಯಾಸ ಈ ತವಾರಿಶನಿಗಿಲ್ಲ.”

ಅಧ್ಯಕ್ಷನಿಗೆ ಸಿಟ್ಟು ಬಂತು. “ತವಾರಿಶ್ ಅಂದರೆ ನಾವು. ಆ ಮಾತನ್ನು ತಂದು ಕುದುರೆಯ ಕೊರಳಿಗೆ ಕಟ್ಟುತ್ತೀಯಾ?”

“ನನ್ನ ಗಂಡ ಸತ್ತ ಚಳಿಗಾಲದಲ್ಲಿ, ತವಾರಿಶರೆಲ್ಲ ನಿನ್ನ ಜೊತೆಗಿದ್ದೇವೆ ಅಂತ ನೀವು ಕಾಗದ ಬರೆದಿರಿ. ಸಂತೋಷ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಸೌದೆ ಎಳೆದು ತಂದವನು ಇವನು. ನಿನ್ನ ಹೆಂಡತಿ ಹೆರಲಾರದೆ ಒದ್ದಾಡಿದಳಲ್ಲ, ಆವತ್ತು ಮೊಣಕಾಲುದ್ದ ಹಿಮದಲ್ಲಿ ಹೋಗಿ ಸೂಲಗಿತ್ತಿಯನ್ನು ತಂದವನೂ ಇವನೇ. ನನ್ನ ಮಾತು ಮುಗಿಯಿತು. ಕೈ ಎತ್ತಿಸಪ್ಪ.”

ಅಧ್ಯಕ್ಷ ಕುದುರೆಯ ಕಡೆ ನೋಡಲಿಲ್ಲ. “ಕಳಿಸಬೇಕು ಅನ್ನುವವರು ಕೈ ಎತ್ತಿ,” ಎಂದ.

ಒಬ್ಬರೂ ಎತ್ತಲಿಲ್ಲ. ಮೇಲಿನವರ ಅಪ್ಪಣೆ ಬೇರೆ, ಎತ್ತದೆ ಇದ್ದರೆ ತನಗೇ ತೊಂದರೆ ಎಂದು ಅವನು ತನ್ನ ಕೈ ಎತ್ತಲು ಹೋದ. ಎದುರಿನ ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಆವತ್ತು ಹುಟ್ಟಿದ ಮಗಳು ಅವಳ ತೊಡೆಯ ಮೇಲಿಂದ ಕುದುರೆಯ ಮೂತಿ ಮುಟ್ಟಲು ಬಗ್ಗುತ್ತಿದ್ದಳು. ಅರ್ಧಕ್ಕೆ ಬಂದ ಕೈ ಇಳಿಯಿತು. ಅವನು ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕಿದ.

“ಕರೆದುಕೊಂಡು ಹೋಗಮ್ಮ,” ಎಂದ. “ಇಲ್ಲೇ ಲದ್ದಿ ಹಾಕಿಯಾನು.”

ಕತೆ ಕೇಳಿ ಶಿಷ್ಯನಿಗೆ ಹಿಗ್ಗಾಯಿತು. ಹಾಳೆಯನ್ನು ಹತ್ತಿರ ಎಳೆದುಕೊಂಡು, “ಹಾಗಾದರೆ ಮೊದಲು ಕುದುರೆಯ ಅರ್ಥವನ್ನೇ ಬರೆಯುತ್ತೇನೆ,” ಎಂದ.

ಗುರುಗಳು ಅವನ ತಲೆ ಸವರಿದರು.

“ಬರಿ ಮಗೂ, ಆದರೆ ಆ ಕುದುರೆಯನ್ನು ಕರೆದ ಹಾಗೆ ನಿನ್ನನ್ನು ತವಾರಿಶ್ ಅಂತ ಕರೆಯುವವರು ಯಾರಿದ್ದಾರೆ?”

ಶಿಷ್ಯ ಹಾಳೆಯನ್ನು ಮತ್ತೆ ಆಚೆಗಿಟ್ಟ.